ಫಿಟ್ಸ್ ಮಾತ್ರೆ ಅಂಗಾಲಿನ ಉರಿಗೆ ಯಾಕೆ?

ರಾತ್ರಿಯಾದರೆ ಅಂಗಾಲು ಕೆಂಡದ ಮೇಲಿಟ್ಟ ಹಾಗೆ ಉರಿಯತ್ತೆ. ಹೊದಿಕೆ ತಾಗಿದರೂ ಚುಚ್ಚತ್ತೆ. ಅಪ್ಪನಿಗೂ ಇತ್ತು, ಅಜ್ಜಿಗೂ ಇತ್ತು. ಡಾಕ್ಟರು 'ಇದು ವಂಶದಲ್ಲಿ ಬಂದ ನರದ ಕಾಯಿಲೆ' ಅಂದು ಮಾತ್ರೆ ಬರೆದುಕೊಡ್ತಾರೆ. ಮನೆಗೆ ಬಂದು ಹೆಸರು ಗೂಗಲ್ ಮಾಡಿದರೆ ಕಾಣೋದು 'ಮೂರ್ಛೆರೋಗಕ್ಕೆ', ಇಲ್ಲವೇ 'ಖಿನ್ನತೆಗೆ'. "ನಂಗೇನು ಫಿಟ್ಸ್ ಬರತ್ತಾ? ನೋವು ಬರೀ ನನ್ನ ಭ್ರಮೆ ಅಂದ್ಕೊಂಡ್ರಾ?" ಅಂತ ಸಿಟ್ಟಾಗಿ ಸ್ಟ್ರಿಪ್ಪನ್ನು ಡ್ರಾಯರಿಗೆ ಹಾಕಿ ಸುಮ್ಮನಾಗುವವರಿದ್ದಾರೆ. ಸಿಟ್ಟು ಸಹಜವೇ. ಆದರೆ ಆ ಮಾತ್ರೆ ನಿಮ್ಮ ಕೈವರೆಗೆ ಬಂದ ದಾರಿಯನ್ನು ಒಮ್ಮೆ ನೋಡಿ.

ವಂಶದಿಂದ ಬರುವ ನರರೋಗಗಳಲ್ಲಿ ಹೆಚ್ಚು ಕಾಣಿಸೋದು ಶಾರ್ಕೋ-ಮರಿ-ಟೂತ್. ಹಲ್ಲಿಗೂ ಇದಕ್ಕೂ ಸಂಬಂಧ ಇಲ್ಲ. 1886ರಲ್ಲಿ ಪ್ಯಾರಿಸ್ಸಿನ ಶಾರ್ಕೋ ಮತ್ತು ಪಿಯರ್ ಮರಿ, ಇಂಗ್ಲೆಂಡಿನ ಹೊವರ್ಡ್ ಟೂತ್ ಇದನ್ನು ವರ್ಣಿಸಿದ್ದರಿಂದ ಮೂವರ ಹೆಸರೂ ಸೇರಿಕೊಂಡಿತು. ಕಾಲಿನ ಸ್ನಾಯು ಸೊರಗೋದು, ಪಾದ ಕಮಾನಿನಂತೆ ಬಾಗೋದು ಕಣ್ಣಿಗೆ ಕಾಣತ್ತೆ. ನೋವು ಕಾಣಲ್ಲ. ಹಾಗಾಗಿ ನೋವಿನ ಮದ್ದು ಈ ಕಾಯಿಲೆಯ ಬಾಗಿಲಿಂದ ಬರಲಿಲ್ಲ, ಪಕ್ಕದ ಮನೆಗಳಿಂದ ಬಂತು.

ಮೊದಲ ಮನೆ ಮೂರ್ಛೆರೋಗದ್ದು. ಫಿಟ್ಸ್ ಅಂದರೆ ಮೆದುಳಿನ ವಿದ್ಯುತ್ತು ಹದ್ದುಮೀರೋದು. ಹಾನಿಯಾದ ನರದಲ್ಲೂ ಹಾಗೇ, ಕಾರಣ ಇಲ್ಲದೆ ಸಿಗ್ನಲ್ಲುಗಳು ಸಿಡಿಯುತ್ತಿರುತ್ತವೆ. 1942ರಲ್ಲಿ ಫ್ರಾನ್ಸಿನ ವೈದ್ಯರೊಬ್ಬರು ಫಿಟ್ಸಿನ ಔಷಧಿ ಫೆನಿಟಾಯಿನನ್ನು ಮುಖದ ನರನೋವಿಗೆ ಕೊಟ್ಟು ನೋಡಿದರು. 1953ರಲ್ಲಿ ಸ್ವಿಟ್ಜರ್ಲೆಂಡಿನ ಗೈಗಿ ಕಂಪನಿಯ ವಾಲ್ಟರ್ ಶಿಂಡ್ಲರ್ ಕಾರ್ಬಮಾಜೆಪಿನ್ ತಯಾರಿಸಿದರು. ಮುಖದ ನರನೋವಿಗೆ ಅದು ಚೆನ್ನಾಗಿ ಕೆಲಸ ಮಾಡತ್ತೆ ಅಂತ 1962ರಲ್ಲಿ ಸ್ವೀಡನ್ನಿನ ಬ್ಲೂಮ್ ವರದಿ ಮಾಡಿದರು.

ಎರಡನೇ ಮನೆ ಖಿನ್ನತೆಯದ್ದು. ಅಮಿಟ್ರಿಪ್ಟಿಲಿನ್ 1961ರಲ್ಲಿ ಅಮೆರಿಕದಲ್ಲಿ ಖಿನ್ನತೆಯ ಮದ್ದಾಗಿ ಬಂತು. ಇದರಿಂದ ನೋವೂ ಇಳಿಯೋದು ಕಂಡಾಗ ಒಂದು ಅನುಮಾನ ಹುಟ್ಟೋದು ಸಹಜ: ಬೇಸರ ಹೋದದ್ದಕ್ಕೇ ನೋವು ಹೋಯಿತಾ? 1987ರಲ್ಲಿ ಮಿಚೆಲ್ ಮ್ಯಾಕ್ಸ್ ತಂಡ ಇದನ್ನು ಸಕ್ಕರೆ ಕಾಯಿಲೆಯ ನರನೋವಿದ್ದವರಲ್ಲಿ ಪರೀಕ್ಷೆ ಮಾಡಿತು. ಖಿನ್ನತೆ ಇದ್ದವರಿಗೂ ನೋವು ಇಳಿಯಿತು, ಇಲ್ಲದವರಿಗೂ ಇಳಿಯಿತು. ಅಂದರೆ ಈ ಮಾತ್ರೆ ಬರೆದುಕೊಟ್ಟ ಮಾತ್ರಕ್ಕೆ ನಿಮ್ಮ ನೋವು ಭ್ರಮೆ ಅಂತ ಅರ್ಥ ಅಲ್ಲ.

ಮೂರನೆಯದು ಗ್ಯಾಬಪೆಂಟಿನ್, ಅದರ ಕಥೆ ಅಷ್ಟು ಚೆಂದ ಇಲ್ಲ. 1993ರಲ್ಲಿ ಫಿಟ್ಸಿಗೆ ಮಾತ್ರ ಅನುಮತಿ ಸಿಕ್ಕಿದ್ದ ಇದನ್ನು ಅನುಮತಿಯೇ ಇಲ್ಲದ ಹಲವು ಕಾಯಿಲೆಗಳಿಗೂ ಅಂತ ಮಾರಿದರು. ಒಳಗಿದ್ದ ಉದ್ಯೋಗಿಯೇ ದೂರು ಕೊಟ್ಟ. 2004ರಲ್ಲಿ ಕಂಪನಿ 43 ಕೋಟಿ ಡಾಲರ್ ಕಟ್ಟಬೇಕಾಯಿತು. ಆದರೂ ಸರ್ಪಸುತ್ತಿನ ನಂತರದ ನೋವಿಗೆ ಅದರಿಂದ ಪ್ರಯೋಜನ ಇದೆ ಅನ್ನೋದು ಟ್ರಯಲ್‌ಗಳಲ್ಲಿ ಸಾಬೀತಾಗಿ, 2002ರಲ್ಲೇ ಅದಕ್ಕೆ ಅನುಮತಿ ಸಿಕ್ಕಿತ್ತು. ಮಾರಿದವರು ಉತ್ಪ್ರೇಕ್ಷೆ ಮಾಡಿದರು, ಮದ್ದು ಪೂರ್ತಿ ಸುಳ್ಳಲ್ಲ.

ಹಾಗಾದರೆ ಎಷ್ಟು ಜನರಿಗೆ ಗುಣ? ಟ್ರಯಲ್‌ಗಳನ್ನೆಲ್ಲ ಒಟ್ಟುಹಾಕಿದ 2015ರ ಲೆಕ್ಕ ಹೀಗಿದೆ: ಡಮ್ಮಿ ಗುಳಿಗೆಗೆ ಹೋಲಿಸಿದರೆ, ಒಬ್ಬರಿಗೆ ಹೆಚ್ಚುವರಿಯಾಗಿ ನೋವು ಅರ್ಧಕ್ಕೆ ಇಳಿಯಬೇಕಾದರೆ ಅಮಿಟ್ರಿಪ್ಟಿಲಿನ್ ಗುಂಪಿನ ಮಾತ್ರೆಯನ್ನು ಸುಮಾರು 4 ಜನರಿಗೆ, ಪ್ರಿಗ್ಯಾಬಲಿನ್ ಆದರೆ ಸುಮಾರು 8 ಜನರಿಗೆ ಕೊಡಬೇಕು. ಅದೂ ಬಹುಪಾಲು ಟ್ರಯಲ್‌ಗಳು ನಡೆದದ್ದು ಸಕ್ಕರೆ ಕಾಯಿಲೆ, ಸರ್ಪಸುತ್ತು ಇದ್ದವರ ಮೇಲೆ. ವಂಶದ ನರರೋಗದವರು ಇಲ್ಲೂ ಎರವಲು ಲೆಕ್ಕದಲ್ಲೇ ಬದುಕಬೇಕು. ಹಾಗಾಗಿ ಮೊದಲ ಮಾತ್ರೆ ಹಿಡಿಸಲಿಲ್ಲ ಅಂದರೆ ತಪ್ಪು ನಿಮ್ಮದಲ್ಲ, ಹೆಚ್ಚಿನ ಸಲ ಡಾಕ್ಟರದ್ದೂ ಅಲ್ಲ.

ಈ ಕುರುಡು ಹುಡುಕಾಟಕ್ಕೆ ಬೆಳಕು ಬಂದದ್ದು ವಂಶವಾಹಿಯಿಂದಲೇ. 2004ರಲ್ಲಿ ಚೀನಾದ ಸಂಶೋಧಕರು, ಕೈಕಾಲು ಕೆಂಪಾಗಿ ಉರಿಯುವ ಎರಿತ್ರೋಮೆಲಾಲ್ಜಿಯಾ ಅನ್ನುವ ಆನುವಂಶಿಕ ಕಾಯಿಲೆಗೆ ಎಸ್‌ಸಿಎನ್9ಎ ಎಂಬ ಜೀನಿನ ದೋಷ ಕಾರಣ ಅಂತ ಕಂಡುಕೊಂಡರು. ಈ ಜೀನು ನೋವಿನ ನರದಲ್ಲಿ ಸೋಡಿಯಂ ಒಳಬಿಡುವ ಬಾಗಿಲನ್ನು ಕಟ್ಟತ್ತೆ. ಬಾಗಿಲು ಸುಲಭವಾಗಿ ತೆರೆದುಕೊಂಡರೆ ಉರಿಯೋ ಉರಿ. 2006ರಲ್ಲಿ ಇದರ ತದ್ವಿರುದ್ಧ ಸಿಕ್ಕಿತು. ಉತ್ತರ ಪಾಕಿಸ್ತಾನದ ಕೆಲವು ಕುಟುಂಬಗಳಲ್ಲಿ ಅದೇ ಜೀನು ಕೆಲಸವನ್ನೇ ಮಾಡುತ್ತಿರಲಿಲ್ಲ, ಆ ಮಕ್ಕಳಿಗೆ ನೋವೇ ಗೊತ್ತಿರಲಿಲ್ಲ. ಆ ಸಂಶೋಧನೆಗೆ ದಾರಿ ತೋರಿಸಿದ್ದು ಕೆಂಡದ ಮೇಲೆ ನಡೆದು ಬೀದಿಯಲ್ಲಿ ಪ್ರದರ್ಶನ ಕೊಡುತ್ತಿದ್ದ ಒಬ್ಬ ಹುಡುಗ. 14 ತುಂಬುವ ಮೊದಲೇ ಮನೆಯ ಮೇಲಿಂದ ಹಾರಿ ತೀರಿಹೋದ.

ಹಳೇ ಕಾರ್ಬಮಾಜೆಪಿನ್ ಮುಚ್ಚೋದು ಇಂಥ ಬಾಗಿಲುಗಳನ್ನೇ. 2016ರಲ್ಲಿ ಅಮೆರಿಕದ ಯೇಲ್ ಸಂಶೋಧಕರು ಒಂದೇ ಕುಟುಂಬದ ಇಬ್ಬರು ಎರಿತ್ರೋಮೆಲಾಲ್ಜಿಯಾ ರೋಗಿಗಳ ಜೀನ್ ದೋಷ ನೋಡಿ, 'ಇವರಿಗೆ ಇದು ಹಿಡಿಸಬೇಕು' ಅಂತ ಮೊದಲೇ ಊಹಿಸಿ ಕೊಟ್ಟರು. ನೋವು ಇಳಿಯಿತು. ಇಬ್ಬರೇ, ನಿಜ. ಆದರೆ ಯಾರಿಗೆ ಯಾವ ಮದ್ದು ಅಂತ ಕೊಟ್ಟು ನೋಡುವ ಮೊದಲೇ ಹೇಳಬಹುದು ಅನ್ನೋದು ಅಲ್ಲಿ ಕಂಡಿತು.

ನಮಗೆ ಆ ದಿನ ಇನ್ನೂ ಪೂರ್ತಿ ಬಂದಿಲ್ಲ. ಅಲ್ಲಿವರೆಗೆ ಸಣ್ಣ ಡೋಸಿಂದ ಶುರು ಮಾಡಿ, ಡಾಕ್ಟರು ಹೇಳಿದಷ್ಟು ವಾರ ಕಾದು, ದಿನಾ ನೋವು ಎಷ್ಟು, ನಿದ್ದೆ ಎಷ್ಟು ಅಂತ ಬರೆದಿಡಬೇಕು. ಹಿಡಿಸದಿದ್ದರೆ ತಾವಾಗೇ ಒಮ್ಮೆಲೇ ನಿಲ್ಲಿಸದೆ, ಕೇಳಿ ಬದಲಾಯಿಸಬೇಕು. 1942ರಿಂದ ಈ ಚರಿತ್ರೆ ನಡೆದು ಬಂದದ್ದೂ ಹೀಗೇ: ಯಾರೋ ಕೊಟ್ಟು ನೋಡಿದರು, ಯಾರೋ ನುಂಗಿ 'ಸ್ವಲ್ಪ ಪರವಾಗಿಲ್ಲ' ಅಂದರು. ಡ್ರಾಯರಿನ ಆ ಸ್ಟ್ರಿಪ್ಪನ್ನು ಮುಂದಿನ ಭೇಟಿಗೆ ಜೊತೆಗೆ ತಗೊಂಡು ಹೋಗಿ. ಕೇಳೋಕೆ ಈಗ ಒಂದಿಷ್ಟು ಒಳ್ಳೆ ಪ್ರಶ್ನೆಗಳಿವೆಯಲ್ಲ.