ಫ್ಲೈಟ್ 666

ಫ್ಲೈಟ್ 666 ಇಂಗ್ಲೆಂಡಿನ ಹೆವಿ ಮೆಟಲ್ ತಂಡ ಐರನ್ ಮೇಡನ್ 2009ರ ಮೇ ತಿಂಗಳಲ್ಲಿ ಹೊರತಂದ ಲೈವ್ ಆಲ್ಬಮ್. 2008ರ ಫೆಬ್ರವರಿ ಮತ್ತು ಮಾರ್ಚ್ ತಿಂಗಳಲ್ಲಿ ತಂಡ ನಡೆಸಿದ ಪ್ರವಾಸದ ಹದಿನಾರು ಹಾಡುಗಳು ಇದರಲ್ಲಿವೆ. ಒಂದೊಂದು ಹಾಡೂ ಒಂದೊಂದು ಊರಿನ ಕಛೇರಿಯಿಂದ ಆಯ್ದದ್ದು, ಮೊದಲನೆಯದು ಮುಂಬಯಿಯದು. ಗಾಯಕ ಬ್ರೂಸ್ ಡಿಕಿನ್ಸನ್‌ಗೆ ಆಗ 49 ವರ್ಷ.

1958ರಲ್ಲಿ ಹುಟ್ಟಿದ ಡಿಕಿನ್ಸನ್ ಸ್ಯಾಮ್ಸನ್ ಎಂಬ ತಂಡದಲ್ಲಿ ಹಾಡುತ್ತಿದ್ದು, 1981ರಲ್ಲಿ ಐರನ್ ಮೇಡನ್ ಸೇರಿದರು. 1993ರಲ್ಲಿ ಹೊರನಡೆದು 1999ರಲ್ಲಿ ಮರಳಿದರು. ತಂಡದಿಂದ ಹೊರಗಿದ್ದ ಕಾಲದಲ್ಲಿ ಕಟ್ಟಿಕೊಂಡ ಸ್ವಂತ ತಂಡದೊಂದಿಗೆ 1999ರಲ್ಲಿ ಸಾವೊ ಪಾಲೊದಲ್ಲಿ ಹಾಡಿದ ಕಛೇರಿಯೂ 'ಸ್ಕ್ರೀಮ್ ಫಾರ್ ಮಿ ಬ್ರೆಜಿಲ್' ಎಂಬ ಲೈವ್ ಆಲ್ಬಮ್ ಆಗಿದೆ.

ಐರನ್ ಮೇಡನ್ ಭಾರತದಲ್ಲಿ ಮೊದಲು ನುಡಿಸಿದ್ದು ಬೆಂಗಳೂರಿನಲ್ಲಿ, 2007ರ ಮಾರ್ಚ್ 17ರಂದು, ಅರಮನೆ ಮೈದಾನದಲ್ಲಿ. ಅಂದು ಅವರಿಗಿಂತ ಮುಂಚೆ ವೇದಿಕೆ ಏರಿದವರಲ್ಲಿ ದೆಹಲಿಯ ಪರಿಕ್ರಮ ತಂಡವೂ ಇತ್ತು. ಕ್ಯಾಸೆಟ್‌ಗಳಲ್ಲಿ ಮಾತ್ರ ಈ ಹಾಡುಗಳನ್ನು ಕೇಳಿ ಬೆಳೆದವರಿಗೆ ಅದು ದೊಡ್ಡ ದಿನ. 1988ರ ಮಿಲೆನಿಯಮ್, 1998ರ ಕ್ರಿಪ್ಟೋಸ್‌ನಂಥ ತಂಡಗಳು ಹುಟ್ಟಿದ ಊರು ಬೆಂಗಳೂರು. ಹೀಗಾಗಿ ಕೇಳುಗರ ಬಳಗ ಅಲ್ಲಿ ಮೊದಲೇ ಸಿದ್ಧವಾಗಿತ್ತು. ಹನ್ನೊಂದು ತಿಂಗಳು ತುಂಬುವ ಮೊದಲೇ, 2008ರ ಫೆಬ್ರವರಿ 1ರಂದು, ತಂಡ ಹೊಸ ಪ್ರವಾಸವನ್ನು ಮುಂಬಯಿಯಿಂದ ಆರಂಭಿಸಿತು.

45 ದಿನಗಳಲ್ಲಿ 23 ಕಛೇರಿಗಳು ನಡೆದವು. ಕ್ರಮಿಸಿದ ದೂರ ಸುಮಾರು 80,000 ಕಿಲೋಮೀಟರ್. ಸಾಮಾನು ಹಡಗಿನಲ್ಲಿ ಹೋಗಿ ಮುಟ್ಟುವ ವಾಡಿಕೆಯ ಏರ್ಪಾಟಿನಲ್ಲಿ ಇದು ಆಗುವ ಮಾತಲ್ಲ. ಕಲಾವಿದರು, ಸಿಬ್ಬಂದಿ, ವಾದ್ಯಗಳು ಎಲ್ಲವೂ ಒಂದೇ ಬೋಯಿಂಗ್ 757 ವಿಮಾನದಲ್ಲಿ ಸಾಗಿದವು. ಅದನ್ನು ಹಾರಿಸಿದವರು ವೃತ್ತಿಪರ ಪೈಲಟ್ ಕೂಡ ಆಗಿದ್ದ ಡಿಕಿನ್ಸನ್. ವಿಮಾನ ನಡೆಸುವ ಹೊಣೆ ಹೊತ್ತೇ ಎರಡು ಗಂಟೆ ತಾರಸ್ಥಾಯಿಯಲ್ಲಿ ಹಾಡಿದ್ದು ಈ ಪ್ರವಾಸದ ನಿಜವಾದ ಸಾಹಸ. ಕೆನಡಾದ ಸ್ಯಾಮ್ ಡನ್ ಮತ್ತು ಸ್ಕಾಟ್ ಮೆಕ್‌ಫೇಡನ್ ಇದನ್ನೆಲ್ಲ ಅದೇ ಹೆಸರಿನ ಸಾಕ್ಷ್ಯಚಿತ್ರವಾಗಿಸಿದರು. ಆಲ್ಬಮ್‌ನ ಧ್ವನಿ ಮಿಶ್ರಣ ಕೆವಿನ್ ಶರ್ಲಿ ಅವರದು.

ಈ ಆಲ್ಬಮ್‌ನ ಬೆಲೆ ತಿಳಿಯುವುದು 1985ರ 'ಲೈವ್ ಆಫ್ಟರ್ ಡೆತ್' ಜೊತೆಗಿಟ್ಟು ಕೇಳಿದಾಗ. 2008ರ ಪ್ರವಾಸ ಬಹುಪಾಲು ಎಂಬತ್ತರ ದಶಕದ ಹಾಡುಗಳಿಗೆ ಮೀಸಲು. ವೇದಿಕೆಯ ಮೇಲೆ ಅಂದಿನ ಈಜಿಪ್ಟ್ ಮಾದರಿಯ ಅಲಂಕಾರವೇ ಮರಳಿ ಬಂದಿತ್ತು. ಎರಡೂ ಆಲ್ಬಮ್‌ಗಳು ಚರ್ಚಿಲ್ ಭಾಷಣದ ಧ್ವನಿಯಿಂದ ತೆರೆದು, ಎರಡನೆಯ ಮಹಾಯುದ್ಧದ ವಿಮಾನ ಕಾಳಗದ ಹಾಡಾದ 'ಏಸಸ್ ಹೈ'ಗೆ ಜಿಗಿಯುತ್ತವೆ. ಕಛೇರಿಯ ಆರಂಭಕ್ಕೇ ಕಂಠ ಅತಿ ಎತ್ತರಕ್ಕೆ ಏರಬೇಕಾದ ಹಾಡು ಅದು. ಜಮಖಂಡಿ, ಮುಧೋಳ, ರಬಕವಿ ಭಾಗದಲ್ಲಿ ಬೆಳತನಕ ಶ್ರೀಕೃಷ್ಣ ಪಾರಿಜಾತ ಎಂಬ ಜನಪದ ನಾಟಕ ಆಡುವ ಕಲಾವಿದರಿಗೆ ಈ ಕಷ್ಟ ಗೊತ್ತು: ಮೊದಲ ಪದಗಳಿಗೇ ದನಿ ಸುರಿದುಬಿಟ್ಟರೆ ಬೆಳಗಿನ ಜಾವಕ್ಕೆ ಉಳಿಯುವುದಿಲ್ಲ. 1985ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಹಾಡಿದ 26ರ ಡಿಕಿನ್ಸನ್ ಸ್ವರದ ಮೇಲೆ ಎರಗುತ್ತಾರೆ; ತಿಂಗಳುಗಟ್ಟಲೆ ಹಾಡಿದ ದಣಿವು ಅಲ್ಲಲ್ಲಿ ಒರಟಾಗಿ ಕೇಳುತ್ತದೆ. ಮುಂಬಯಿಯ ಡಿಕಿನ್ಸನ್ ಉಸಿರನ್ನು ಅಳೆದು ಬಳಸುತ್ತಾರೆ, ಮಧ್ಯಸ್ಥಾಯಿ ದಪ್ಪಗಾಗಿದೆ. ಹಳೆಯದರಲ್ಲಿ ಆವೇಶ ಹೆಚ್ಚು, ಹೊಸದರಲ್ಲಿ ಹಾಡಿನ ಅರ್ಥ ಹೆಚ್ಚು ಸ್ಪಷ್ಟ. ಅಂದು ಎರಡಿದ್ದ ಗಿಟಾರ್‌ಗಳು ಮೂರಾಗಿರುವುದರಿಂದ ಹಿನ್ನೆಲೆಯ ನಾದವೂ ತುಂಬಿಕೊಂಡಿದೆ.

ಊರಿಗೊಂದು ಹಾಡು ಎಂಬ ಜೋಡಣೆಯಿಂದ ನಷ್ಟವೂ ಇದೆ. ಒಂದು ಸಂಜೆಯ ಕಛೇರಿ ಮೆಲ್ಲಗೆ ಕಾವೇರುವ ಬಗೆ ಇಲ್ಲಿ ಸಿಗುವುದಿಲ್ಲ. ಬದಲಿಗೆ ಸಿಗುವುದು ಜನರ ಕೂಗಿನ ವೈವಿಧ್ಯ. ಬ್ಯೂನಸ್ ಐರಿಸ್‌ನ 'ಫಿಯರ್ ಆಫ್ ದಿ ಡಾರ್ಕ್'ನಲ್ಲಿ ಸಭಿಕರು ಗಿಟಾರಿನ ಧಾಟಿಯನ್ನೇ ಹಾಡುತ್ತಾರೆ.

ಪ್ರವಾಸದ ಮುಂದಿನ ಹಂತದಲ್ಲಿ, 2009ರ ಫೆಬ್ರವರಿ 15ರಂದು, ತಂಡ ಬೆಂಗಳೂರಿಗೆ ಎರಡನೆಯ ಸಲ ಬಂತು. ಆಲ್ಬಮ್ ಮೊದಲ ಹಂತಕ್ಕೇ ಸೀಮಿತವಾದ್ದರಿಂದ ಬೆಂಗಳೂರಿನ ಹಾಡು ಅದರಲ್ಲಿ ಸೇರಲಿಲ್ಲ.

2015ರಲ್ಲಿ ನಾಲಿಗೆಯ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ಡಿಕಿನ್ಸನ್ ಮರುವರ್ಷ ಬೋಯಿಂಗ್ 747 ಹಾರಿಸಿಕೊಂಡು ಮತ್ತೆ ವಿಶ್ವಪ್ರವಾಸ ಹೊರಟರು. ಅದರ ಲೈವ್ ಆಲ್ಬಮ್ 2017ರಲ್ಲಿ ಬಂತು. ಅದರಲ್ಲೂ ಹಾಡುಗಳನ್ನು ಬೇರೆ ಬೇರೆ ಊರುಗಳಿಂದಲೇ ಆಯಲಾಗಿದೆ.