ಒತ್ತು ಶ್ಯಾವಿಗೆ

ಒತ್ತು ಶ್ಯಾವಿಗೆಯು ಅಕ್ಕಿ ಅಥವಾ ರಾಗಿಯ ಹಿಟ್ಟನ್ನು ಬೇಯಿಸಿ, ಬಿಸಿಯಿರುವಾಗಲೇ ಶ್ಯಾವಿಗೆ ಒರಳಿನಲ್ಲಿ ಒತ್ತಿ ತೆಗೆಯುವ ಎಳೆಯಾಕಾರದ ಖಾದ್ಯ. ತುಮಕೂರು, ಗುಬ್ಬಿ, ಕುಣಿಗಲ್ ಸೇರಿದಂತೆ ಹಳೆ ಮೈಸೂರು ಸೀಮೆಯಲ್ಲಿ ಇದನ್ನು ಕಾಯಿಹಾಲಿನೊಂದಿಗೆ ಸಿಹಿಯಾಗಿಯೂ, ಮಾಂಸಾಹಾರಿಗಳ ಮನೆಗಳಲ್ಲಿ ಕುರಿ ಅಥವಾ ಕೋಳಿಯ ಬಾಡಿನ ಸಾರಿನೊಂದಿಗೂ ಉಣ್ಣುವರು.

ಇಟಲಿಯ ಪಾಸ್ತಾಕ್ಕೆ ಮೊದಲು ರೂಪ ಕೊಟ್ಟು ಆಮೇಲೆ ಬೇಯಿಸುತ್ತಾರೆ. ಇಲ್ಲಿ ಕ್ರಮ ತಿರುವುಮುರುವು. ಗೋಧಿಯ ಕಣಕವನ್ನು ಹಿಡಿದಿಡುವ ಗ್ಲುಟೆನ್ ಅಕ್ಕಿ, ರಾಗಿಗಳಲ್ಲಿ ಇಲ್ಲ. ಪಿಷ್ಟವು ಬೆಂದು ಅಂಟಾದರೆ ಮಾತ್ರ ಎಳೆ ನಿಲ್ಲುತ್ತದೆ. ಆದ್ದರಿಂದ ಕುದಿಯುವ ಉಪ್ಪುನೀರಿಗೆ ಹಿಟ್ಟು ಸುರಿದು ಮುದ್ದೆಯಂತೆ ತೊಳಸಿ, ನಾದಿ, ಉಂಡೆ ಕಟ್ಟಿ, ಆ ಉಂಡೆಗಳನ್ನು ಮತ್ತೊಮ್ಮೆ 15–20 ನಿಮಿಷ ಹಬೆಯಲ್ಲಿ ಬೇಯಿಸುವರು. ಒಳಗೆ ಹಸಿಯುಳಿದರೆ ಎಳೆಗಳು ತುಂಡಾಗುತ್ತವೆ. ಉಂಡೆ ಆರಿದರೂ ಒತ್ತುವುದು ಪ್ರಯಾಸ. ಮರದ ಒರಳಾದರೆ ಇಬ್ಬರ ಬಲ ಬೇಕು.

ಸಾರಿಗೆ ಮೂಳೆಸಹಿತ ಮಾಂಸವೇ ಲೇಸು. ಅದನ್ನು ಅರಿಸಿನ, ಉಪ್ಪು, ಈರುಳ್ಳಿಯೊಡನೆ ಬೇಯಿಸಿ, ಹುರಿದ ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ, ಚಕ್ಕೆ, ಲವಂಗ, ಗಸಗಸೆ, ತೆಂಗಿನತುರಿಗಳನ್ನು ನುಣ್ಣಗೆ ಅರೆದು ಕೂಡಿಸಿ ಕುದಿಸಬೇಕು. ಮುದ್ದೆಗೆ ಮಾಡುವ ಸಾರಿಗಿಂತ ಇದು ತುಸು ತೆಳುವಾಗಿರಬೇಕು. ಶ್ಯಾವಿಗೆಯು ರಸವನ್ನು ಬೇಗನೆ ಹೀರುವುದರಿಂದ ತಟ್ಟೆಗೆ ಬಡಿಸಿದ ಮೇಲೆಯೇ ಸಾರು ಹುಯ್ಯುವುದು ವಾಡಿಕೆ.