ಕ್ರಾಕೆನ್ ಮತ್ತು ಬೆಸ್ತರ ಸಾಕ್ಷ್ಯ

ನಾರ್ವೆ ದೇಶದ ಬೆರ್ಗೆನ್ ಪಟ್ಟಣದಲ್ಲಿ ಬಿಷಪ್ಪನಾಗಿದ್ದ ಎರಿಕ್ ಪೊಂಟೊಪ್ಪಿದಾನನು 1752-53ರಲ್ಲಿ ಆ ದೇಶದ ನಿಸರ್ಗಚರಿತ್ರೆಯನ್ನು ಎರಡು ಭಾಗಗಳಲ್ಲಿ ಪ್ರಕಟಿಸಿದನು. ಅದರಲ್ಲಿ ‘ಕ್ರಾಕೆನ್’ ಎಂಬ ಕಡಲ ಭೂತವನ್ನು ಕುರಿತ ಪ್ರಕರಣವು ಬಹುಕಾಲ ವಿದ್ವಾಂಸರ ನಗೆಗೆ ಗುರಿಯಾಯಿತು. ಬೆನ್ನಿನ ಸುತ್ತಳತೆ ಒಂದೂವರೆ ಮೈಲಿ. ನೀರಿನ ಮೇಲೆ ಬಂದರೆ ಸಣ್ಣ ದ್ವೀಪಗಳ ಗುಂಪಿನಂತೆ ತೋರುವ ಮೈ. ಹಡಗಿನ ಕೂವೆಕಂಬದಷ್ಟು ಎತ್ತರದ ತೋಳುಗಳು! ತಿಮಿಯನ್ನು ನುಂಗುವ ತಿಮಿಂಗಿಲವನ್ನೂ ಅದನ್ನು ನುಂಗುವ ತಿಮಿಂಗಿಲಗಿಲವನ್ನೂ ಕಲ್ಪಿಸಿಕೊಂಡ ಪರಂಪರೆಯವರಾದ ನಮಗೆ ಇದು ತೀರ ಹೊಸದೇನೂ ಅಲ್ಲ. ಆದರೆ ಕಟ್ಟುಕತೆಯೆಂದು ಬದಿಗಿಡುವ ಮುನ್ನ, ಇದರಲ್ಲಿ ಬೆಸ್ತರು ಕಂಡದ್ದೆಷ್ಟು, ಕಂಡುದರ ಮೇಲೆ ಕಟ್ಟಿದ್ದೆಷ್ಟು ಎಂಬುದನ್ನು ಬೇರ್ಪಡಿಸಿ ನೋಡುವುದು ಚರಿತ್ರೆಯ ವಿದ್ಯಾರ್ಥಿಯ ಕರ್ತವ್ಯ.

ಬಿಷಪ್ಪನು ಬೆಸ್ತರಿಂದ ಕೇಳಿ ಬರೆದದ್ದು ಹೀಗಿದೆ. ಬೇಸಗೆಯ ದಿನ ದಡದಿಂದ ಕೆಲವು ಮೈಲಿ ಹೋದಾಗ, 80-100 ಮಾರು ಆಳವಿರಬೇಕಾದೆಡೆ ಸೀಸದ ಗುಂಡು 20-30 ಮಾರಿಗೇ ನೆಲ ಮುಟ್ಟಿದಂತೆ ನಿಂತುಬಿಡುವುದು. ಅಲ್ಲಿ ಕಾಡ್ ಮೀನು ಹೇರಳ. ಕೆಳಗೆ ಕ್ರಾಕೆನ್ ಇದೆಯೆಂದು ಅರಿತೂ ಅವರು ಗಾಳ ಹಾಕುತ್ತಲೇ ಇರುವರು. ಆಳವು ಇನ್ನೂ ಕಡಮೆಯಾಗುತ್ತ ಬಂದರೆ ಮಾತ್ರ ಅದು ಮೇಲೇಳುತ್ತಿದೆಯೆಂದು ಬಗೆದು ಹುಟ್ಟುಹಾಕಿ ದೂರ ಸರಿಯುವರು. ಯಾರಿಗಾದರೂ ಅಪಾರ ಮೀನು ದೊರೆತರೆ, ಕ್ರಾಕೆನ್ನಿನ ಮೇಲೆ ಗಾಳ ಹಾಕಿರಬೇಕೆಂದು ಹೇಳುವ ರೂಢಿಯೂ ಇದ್ದಿತು.

ಇದು ಹೆದರಿದವರ ಪ್ರಲಾಪವಲ್ಲ, ಕಸುಬಿನವರ ಮಾತು. ಆಳ ತಗ್ಗಿದುದಕ್ಕೆ ದಟ್ಟವಾದ ಮೀನಿನ ಹಿಂಡೋ ನೀರೊಳಗಿನ ದಿಬ್ಬವೋ ಕಾರಣವಾಗಿದ್ದೀತು. ಅವರು ಕೊಟ್ಟ ಕಾರಣವನ್ನು ಒಪ್ಪದಿದ್ದರೂ ಅವರ ಅಳತೆಯನ್ನು ತಳ್ಳಿಹಾಕಬೇಕಾಗಿಲ್ಲ. ಒಂದೂವರೆ ಮೈಲಿಯ ಮಾತು ಬೇರೆ. ಇನ್ನೂ ಹೆಚ್ಚು ಹೇಳುವವರಿದ್ದರೂ ನಿಶ್ಚಯಕ್ಕಾಗಿ ಕಡಮೆಯ ಲೆಕ್ಕವನ್ನೇ ಆರಿಸಿಕೊಂಡೆನೆಂದು ಬಿಷಪ್ಪನು ಬರೆದಿದ್ದಾನೆ. ಪಾಪ, ಆತನ ಎಚ್ಚರಿಕೆಯೂ ಅಷ್ಟಕ್ಕೇ ನಿಂತಿತು!

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಡೆನಿ ದ ಮಾಂಟ್‌ಫೋರ್ ಎಂಬವನು ಹಡಗನ್ನೇ ತಬ್ಬಿ ಮುಳುಗಿಸುವ ಪ್ರಾಣಿಯ ಚಿತ್ರವನ್ನು ಅಚ್ಚುಹಾಕಿಸಿ ಹೆಸರು ಕೆಡಿಸಿಕೊಂಡನು. ಅವನ ಅಪಕೀರ್ತಿಯ ನೆರಳು ಬೆಸ್ತರ ಮಾತಿನ ಮೇಲೂ ಬಿದ್ದಿತು. 1857ರಲ್ಲಿ ಡೆನ್ಮಾರ್ಕಿನ ಯಾಪೆಟಸ್ ಸ್ಟೀನ್‌ಸ್ಟ್ರಪ್ಪನು, ದಡಕ್ಕೆ ಬಿದ್ದ ಪ್ರಾಣಿಯೊಂದರ ಕೊಕ್ಕನ್ನು ಆಧಾರವಾಗಿಟ್ಟು, ಇದು ನಮ್ಮ ಕರಾವಳಿಯವರು ಬೊಂಡಾಸವೆನ್ನುವ ಜೀವಿಯ ದೈತ್ಯಬಂಧುವೆಂದು ನಿರ್ಣಯಿಸಿ, ಆರ್ಕಿಟ್ಯೂಥಿಸ್ ಎಂದು ಹೆಸರಿಟ್ಟನು. ಆ ಪ್ರಾಣಿಯ ಉಳಿದ ದೇಹವನ್ನು ಗಾಳದ ಎರೆಗಾಗಿ ಆಗಲೇ ಕತ್ತರಿಸಿ ಹಂಚಿಬಿಟ್ಟಿದ್ದರು. 1861ರಲ್ಲಿ ಟೆನೆರಿಫ್ ದ್ವೀಪದ ಬಳಿ ಅಲೆಕ್ಟಾನ್ ಎಂಬ ಫ್ರೆಂಚ್ ನೌಕೆಯವರು ಇಂಥದೇ ಒಂದನ್ನು ಹಗ್ಗದಿಂದ ಬಿಗಿದು ಬಾಲದ ತುಂಡನ್ನು ತಂದರೂ ಸಂಶಯ ನಿಲ್ಲಲಿಲ್ಲ.

ಸಂಶಯವನ್ನು ಮುರಿದವರು ನ್ಯೂಫೌಂಡ್‌ಲೆಂಡಿನ ಬೆಸ್ತರು. 1873ರ ಅಕ್ಟೋಬರಿನಲ್ಲಿ ಕಾನ್ಸೆಪ್ಷನ್ ಕೊಲ್ಲಿಯಲ್ಲಿ ತೇಲುತ್ತಿದ್ದುದನ್ನು ಒಡೆದ ಹಡಗಿನ ಅವಶೇಷವೆಂದು ತಿಳಿದು ದೋಣಿಯವರು ಕೊಕ್ಕೆಯಿಂದ ತಿವಿದರು. ಅದು ತೋಳುಗಳನ್ನು ದೋಣಿಯ ಮೇಲೆ ಬೀಸಿತು. ಕೊಡಲಿಯಿಂದ ಕಡಿದೊಡನೆ ಕಪ್ಪುಮಸಿಯನ್ನು ಕಾರಿ ಹಿಂಜರಿಯಿತು. ಕಡಿದ ತೋಳಿನಲ್ಲಿ 19 ಅಡಿಯಷ್ಟು ಮೋಸೆಸ್ ಹಾರ್ವೆ ಎಂಬ ಪಾದ್ರಿಯ ಕೈಸೇರಿತು. ಮರುತಿಂಗಳೇ ಲೋಗಿ ಕೊಲ್ಲಿಯಲ್ಲಿ ಇನ್ನೊಂದು ಪ್ರಾಣಿಯು ಬಲೆಗೆ ಸಿಕ್ಕಿತು. ಹಾರ್ವೆಯು ಅದನ್ನು 10 ಡಾಲರಿಗೆ ಕೊಂಡು, ಸ್ನಾನದ ತೊಟ್ಟಿಯ ಮೇಲಣ ಸರಳಿಗೆ ತೋಳುಗಳನ್ನು ಇಳಿಬಿಟ್ಟು ಛಾಯಾಚಿತ್ರ ತೆಗೆಸಿದನು. ಯೇಲ್ ವಿಶ್ವವಿದ್ಯಾಲಯದ ಆಡಿಸನ್ ವೆರಿಲನು ಇವನ್ನು ಶಾಸ್ತ್ರೀಯವಾಗಿ ವರ್ಣಿಸಿದನು. ಪಾದ್ರಿಯ ಹೆಸರು ಜೀವಶಾಸ್ತ್ರದ ನಾಮಾವಳಿಯನ್ನೂ ಸೇರಿತು. ಕೊಡಲಿ ಬೀಸಿದವರಿಗೆ ಆ ಮರ್ಯಾದೆ ದೊರೆಯಲಿಲ್ಲ.

ಆಳದ ಕಡಲಲ್ಲಿ ಜೀವಂತವಾಗಿರುವ ಆರ್ಕಿಟ್ಯೂಥಿಸ್ಸಿನ ಚಿತ್ರಗಳು ಮೊದಲು ದೊರೆತದ್ದು 2004ರಲ್ಲಿ, ಜಪಾನಿನ ಒಗಸವರ ದ್ವೀಪಗಳ ಬಳಿ. ಕುಬೊದೆರ, ಮೋರಿ ಎಂಬ ಇಬ್ಬರು ಸಂಶೋಧಕರು ಉದ್ದನೆಯ ಹಗ್ಗಕ್ಕೆ ಗಾಳವನ್ನೂ ಎರೆಯನ್ನೂ ಕಟ್ಟಿ, ಕ್ಯಾಮರಾದೊಡನೆ 900 ಮೀಟರು ಆಳಕ್ಕೆ ಇಳಿಯಬಿಟ್ಟಿದ್ದರು. ಗಾಳಕ್ಕೆ ಸಿಕ್ಕ ಪ್ರಾಣಿಯು ನಾಲ್ಕು ಗಂಟೆಗೂ ಮೀರಿ ಸೆಣಸಿ, ಐದೂವರೆ ಮೀಟರು ಉದ್ದದ ತೋಳೊಂದನ್ನು ಬಿಟ್ಟು ಹೊರಟುಹೋಯಿತು.